ದಾರಿಯಲ್ಲಿ ತಡೆಯಲ್ಪಟ್ಟ ಕೋಪವು

ಪಾಠಭಾಗ: ಸಮುವೇಲನ ಮೊದಲನೆಯ ಗ್ರಂಥ, ೨೫ನೆಯ ಅಧ್ಯಾಯ



ಮನುಷ್ಯನ ಹೃದಯದಲ್ಲಿ ಹುಟ್ಟುವ ವಿಕಾರಗಳಲ್ಲಿ ಕೋಪದಷ್ಟು ಬೇಗನೆ ಬರುವದೂ, ಬಂದುಹೋದ ಮೇಲೆ ಅದರಷ್ಟು ದೀರ್ಘಕಾಲ ಗುರುತನ್ನು ಉಳಿಸುವದೂ ಬೇರೊಂದಿಲ್ಲ. ಲೋಭವು ಮೆಲ್ಲಮೆಲ್ಲಗೆ ಬೆಳೆಯುತ್ತದೆ. ಹೊಟ್ಟೆಕಿಚ್ಚು ಬಹುದಿನಗಳ ವರೆಗೆ ಅಡಗಿಕೊಂಡಿರುತ್ತದೆ. ಕೋಪವಾದರೋ ಕ್ಷಣಮಾತ್ರದಲ್ಲಿ ಉರಿದೆದ್ದು, ವರ್ಷಗಟ್ಟಳೆ ಕಟ್ಟಿದ ಸ್ನೇಹವನ್ನು ಒಂದೇ ಮಾತಿನಲ್ಲಿ ಕೆಡವಿಬಿಡುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವದೇ ಎಂದು ನಮ್ಮ ನಾಡಿನ ಹಿರಿಯರು ಗಾದೆ ಕಟ್ಟಿದ್ದಾರೆ. ೧೨ನೆಯ ಶತಮಾನದಲ್ಲಿ ಬಸವಣ್ಣನವರೂ ಕೋಪವನ್ನು ಮನೆಗೆ ಹತ್ತಿದ ಬೆಂಕಿಗೆ ಹೋಲಿಸಿ, ಅದರಿಂದ ಮೊದಲು ಹಾಳಾಗುವದು ಕೋಪಿಸಿಕೊಂಡವನ ಮನೆಯೇ ಎಂಬದನ್ನು ಬೋಧಿಸಿದರು.

ಕೋಪವು ಕೆಟ್ಟದ್ದೆಂಬದನ್ನು ಹೀಗೆ ಎಲ್ಲರೂ ಬಲ್ಲರು. ಬೋರ್ಡಿಂಗಿನಲ್ಲಿ ಗೆಳತಿಯ ಮೇಲೆ ಕೂಗಾಡಿದವಳೂ, ಮನೆಯಲ್ಲಿ ತಾಯಿಗೆ ಎದುರುಮಾತಾಡಿ ಬಾಗಿಲನ್ನು ಬಡಿದವಳೂ ಅದನ್ನು ಬಲ್ಲಳು. ತಿಳಿವಳಿಕೆಯ ಕೊರತೆಯಿಂದ ನಾವು ಎಡವುವದಿಲ್ಲ. ಬೇಕಾದ ಕ್ಷಣದಲ್ಲಿ ಆ ತಿಳಿವಳಿಕೆಯು ನಮ್ಮ ಬಳಿಗೆ ಬಾರದಿರುವದರಿಂದಲೇ ಎಡವುತ್ತೇವೆ. ಆದುದರಿಂದ ಕೋಪವನ್ನು ಜಯಿಸುವದು ಹೇಗೆ, ಆ ಜಯದಲ್ಲಿ ದೇವರ ಮೇಲಣ ನಂಬಿಕೆಗೆ ಯಾವ ಪಾಲುಂಟು ಎಂಬದನ್ನು ಸತ್ಯವೇದದ ಒಂದು ಚರಿತ್ರೆಯಿಂದ ಅಭ್ಯಾಸಮಾಡೋಣ.

೧. ಸಂಗತಿ

ಪ್ರವಾದಿಯಾದ ಸಮುವೇಲನು ತೀರಿಹೋದ ಕಾಲದಲ್ಲಿ ದಾವೀದನು ಇನ್ನೂ ಸಿಂಹಾಸನವನ್ನೇರಿರಲಿಲ್ಲ. ಅರಸನಾದ ಸೌಲನು ಅವನ ಪ್ರಾಣವನ್ನು ತೆಗೆಯಲು ಹುಡುಕುತ್ತಿದ್ದದರಿಂದ ಅವನು ಸುಮಾರು ೬೦೦ ಮಂದಿ ಸಂಗಡಿಗರೊಂದಿಗೆ ಯೆಹೂದ ಸೀಮೆಯ ಬೆಟ್ಟಗಾಡುಗಳಲ್ಲಿ ಅಲೆಯುತ್ತಿದ್ದನು. ಆ ಪ್ರಾಂತದ ಮಾವೋನಿನಲ್ಲಿ ನಾಬಾಲನೆಂಬ ಐಶ್ವರ್ಯವಂತನೊಬ್ಬನಿದ್ದನು. ಅವನಿಗೆ ೩೦೦೦ ಕುರಿಗಳೂ ೧೦೦೦ ಆಡುಗಳೂ ಇದ್ದವು. ಅವನು ನಿಷ್ಠುರನು, ದುಷ್ಕರ್ಮಿಯು. ಅವನ ಹೆಂಡತಿಯಾದ ಅಬೀಗೈಲಳು ಬುದ್ಧಿವಂತೆಯೂ ರೂಪವತಿಯೂ ಆಗಿದ್ದಳು.

ನಾಬಾಲನ ಕುರುಬರು ಅಡವಿಯಲ್ಲಿದ್ದಾಗ ದಾವೀದನ ಜನರು ಅವರಿಗೆ ತೊಂದರೆ ಮಾಡದೆ, ಹಗಲಿರುಳು ಅವರ ಸುತ್ತಲೂ ಗೋಡೆಯಂತೆ ಇದ್ದು ಕಾಪಾಡಿದ್ದರು. ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದ ದಿನ ಬಂದಾಗ ದಾವೀದನು ೧೦ ಮಂದಿ ಯೌವನಸ್ಥರನ್ನು ಕಳುಹಿಸಿ, ಕೈಲಾದದ್ದನ್ನು ಕೊಡಬೇಕೆಂದು ವಿನಯದಿಂದ ಕೇಳಿಸಿದನು. ನಾಬಾಲನು ಕೊಡಲಿಲ್ಲವೆಂಬದು ಮಾತ್ರವಲ್ಲ, ಈ ದಾವೀದನು ಯಾರು ಎಂದು ಹೀನೈಸಿ, ಯಜಮಾನನನ್ನು ಬಿಟ್ಟು ಓಡಿಹೋದ ಆಳುಗಳ ಸಾಲಿಗೆ ಅವನನ್ನು ಸೇರಿಸಿ ಮಾತಾಡಿದನು. ಆ ಮಾತು ದಾವೀದನ ಕಿವಿಗೆ ಬಿದ್ದ ಕೂಡಲೇ ಅವನು ಕತ್ತಿಯನ್ನು ಕಟ್ಟಿಕೊಂಡನು. ೪೦೦ ಮಂದಿಯೂ ಕಟ್ಟಿಕೊಂಡು ಹೊರಟರು. ೨೦೦ ಮಂದಿ ಸಾಮಾನಿನ ಬಳಿಯಲ್ಲಿ ಉಳಿದರು. ಬೆಳಗಾಗುವದರೊಳಗಾಗಿ ನಾಬಾಲನ ಮನೆಯ ಗಂಡಸರಲ್ಲಿ ಒಬ್ಬನನ್ನೂ ಉಳಿಸುವದಿಲ್ಲವೆಂದು ದಾವೀದನು ಆಣೆಯಿಟ್ಟನು.

೨. ದಾವೀದನ ಕೋಪವನ್ನು ಪರೀಕ್ಷಿಸುವದು

ಈ ಕೋಪವನ್ನು ಹತ್ತಿರದಿಂದ ನೋಡೋಣ. ಏಕೆಂದರೆ ನಮ್ಮ ಕೋಪವೂ ಇದೇ ಜಾತಿಯದು.

ಮೊದಲನೆಯದಾಗಿ, ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ದಾವೀದನು ಉಪಕಾರ ಮಾಡಿದ್ದನು. ಪ್ರತಿಯಾಗಿ ಅವಮಾನವನ್ನು ಪಡೆದನು. ನಮ್ಮನ್ನು ಅತ್ಯಂತ ಕೆಡಿಸುವ ಕೋಪವು ಇಂಥದೇ. ಕಾರಣವಿಲ್ಲದ ಕೋಪಕ್ಕೆ ನಾವು ಬೇಗನೆ ನಾಚಿಕೊಳ್ಳುತ್ತೇವೆ; ಕಾರಣವುಳ್ಳ ಕೋಪವಾದರೋ ನ್ಯಾಯದ ವಸ್ತ್ರವನ್ನು ಧರಿಸಿಕೊಂಡು ಬರುವದರಿಂದ ಅದನ್ನು ಮರ್ಯಾದೆಯಿಂದ ಒಳಗೆ ಕರೆಯುತ್ತೇವೆ.

ಎರಡನೆಯದಾಗಿ, ಅದಕ್ಕೆ ಅಳತೆಯಿರಲಿಲ್ಲ. ತಪ್ಪು ಮಾಡಿದವನು ಒಬ್ಬನು. ಸಾಯಬೇಕಾದವರು ಆ ಮನೆಯ ಗಂಡಸರೆಲ್ಲರು. ದಾವೀದನ ಉಪಕಾರವನ್ನು ನೆನಸಿ ಅಬೀಗೈಲಳ ಮುಂದೆ ಸಾಕ್ಷಿ ಹೇಳಿದ ಆ ಸೇವಕನೂ ಅವರಲ್ಲಿ ಒಬ್ಬನೇ. ಕೋಪವು ನ್ಯಾಯಾಧಿಪತಿಯ ಪೀಠದಲ್ಲಿ ಕುಳಿತರೆ ಸಾಕ್ಷಿಗಳನ್ನು ವಿಚಾರಿಸುವದಿಲ್ಲ.

ಮೂರನೆಯದಾಗಿ, ಅದು ಸಣ್ಣ ಸಂಗತಿಯಲ್ಲಿ ಬಂತು. ಇದರ ಹಿಂದಣ ಅಧ್ಯಾಯವನ್ನು ಓದಿರಿ. ಏಂಗೆದಿಯ ಗವಿಯಲ್ಲಿ ಸೌಲನೇ ದಾವೀದನ ಕೈಗೆ ಸಿಕ್ಕಿದ್ದನು. ಆಗ ದಾವೀದನು ಅವನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿ, ಅದಕ್ಕೂ ಮನಸ್ಸಿನಲ್ಲಿ ನೊಂದುಕೊಂಡು ಅವನನ್ನು ಬಿಟ್ಟುಬಿಟ್ಟನು. ಪ್ರಾಣವನ್ನು ಬೇಟೆಯಾಡಿದ ಅರಸನನ್ನು ಕ್ಷಮಿಸಿದ ಅದೇ ಮನುಷ್ಯನು ಒಬ್ಬ ಕುರಿಸಾಹುಕಾರನ ಬಿರುನುಡಿಯನ್ನು ಸಹಿಸಲಾರದೆ ಹೋದನು! ದೊಡ್ಡ ಶೋಧನೆಗೆ ನಾವು ಪ್ರಾರ್ಥಿಸಿ ಸಿದ್ಧರಾಗುತ್ತೇವೆ; ಸಣ್ಣದು ಸಿದ್ಧತೆಯಿಲ್ಲದವರನ್ನು ಹಿಡಿಯುತ್ತದೆ. ಪರೀಕ್ಷೆಯ ದಿನಗಳನ್ನು ಧೈರ್ಯದಿಂದ ದಾಟಿದ ಹುಡುಗಿಯು, ಸ್ನಾನದ ಸರದಿಯ ವಿಷಯದಲ್ಲಿ ಸೋತುಹೋಗುವದನ್ನು ನಾವೆಲ್ಲರೂ ಕಂಡಿದ್ದೇವೆ.

ನಾಲ್ಕನೆಯದಾಗಿ, ಅವನು ದೇವರನ್ನು ವಿಚಾರಿಸಿದನೆಂದು ಇಲ್ಲಿ ಬರೆದಿರುವದಿಲ್ಲ. ಕೆಯೀಲವೆಂಬ ಊರನ್ನು ಶತ್ರುಗಳಿಂದ ಬಿಡಿಸುವದಕ್ಕೆ ಹೋಗಬೇಕೋ ಬೇಡವೋ ಎಂದು ದಾವೀದನು ದೇವರನ್ನು ಒಂದು ಸಾರಿಯಲ್ಲ, ಎರಡು ಸಾರಿ ಕೇಳಿದ್ದನ್ನು ೨೩ನೆಯ ಅಧ್ಯಾಯವು ತಿಳಿಸುತ್ತದೆ. ಒಳ್ಳೇ ಕಾರ್ಯಕ್ಕೆ ಎರಡು ಸಾರಿ ಕೇಳಿದವನು ಕೆಟ್ಟ ಕಾರ್ಯಕ್ಕೆ ಒಂದು ಸಾರಿಯೂ ಕೇಳಲಿಲ್ಲ. ಮುಂದರಿಯದೆ ನಡೆಯುವದರ ಲಕ್ಷಣವೇ ಇದು. ಅದು ಯಾವಾಗಲೂ ಪ್ರಾರ್ಥನೆಗಿಂತ ಮುಂದಾಗಿ ಓಡುತ್ತದೆ.

ಇನ್ನೂ ಒಂದು ಮಾತುಂಟು. ದಾವೀದನೊಂದಿಗೆ ಹೊರಟವರು ೪೦೦ ಮಂದಿ. ಅವರಲ್ಲಿ ಯಾವನಾದರೂ ಅಯ್ಯಾ, ಸ್ವಲ್ಪ ತಾಳು ಎಂದು ಹೇಳಿದ್ದನ್ನು ನಾವು ಓದುವದಿಲ್ಲ. ನಾವು ಸಿಟ್ಟುಗೊಂಡಾಗ ನಮ್ಮ ಸಂಗಡ ಕತ್ತಿಯನ್ನು ಕಟ್ಟಿಕೊಳ್ಳುವವರು ಅನೇಕರು. ಅವರನ್ನೇ ನಾವು ಆಪ್ತರೆಂದು ಎಣಿಸುತ್ತೇವೆ. ಗೆಳತಿಯ ಕೋಪಕ್ಕೆ ತನ್ನ ಕೋಪವನ್ನು ಕೂಡಿಸುವದು ಸ್ನೇಹದಂತೆ ಕಂಡರೂ ಅದು ಸ್ನೇಹವಲ್ಲ.

೩. ತಡವೊಂದೇ ಸಾಲದು

ಕ್ರಿಸ್ತಶಕದ ೧ನೆಯ ಶತಮಾನದಲ್ಲಿ ರೋಮಾಪುರದಲ್ಲಿದ್ದ ಸೆನೆಕನೆಂಬ ತತ್ವಜ್ಞಾನಿಯು ಕೋಪದ ವಿಷಯವಾಗಿಯೇ ಮೂರು ಭಾಗಗಳುಳ್ಳ ಗ್ರಂಥವನ್ನು ಬರೆದು, ತಡಮಾಡುವದೇ ಅದಕ್ಕೆ ಉತ್ತಮವಾದ ಔಷಧವೆಂದು ಬೋಧಿಸಿದನು. ಅದರಲ್ಲಿ ಸತ್ಯವುಂಟು. ಇಂದಿನ ವೈದ್ಯಶಾಸ್ತ್ರವೂ ಅದನ್ನು ಒಪ್ಪುತ್ತದೆ. ಕೋಪಬಂದಾಗ ಮೂತ್ರಪಿಂಡಗಳ ಮೇಲ್ಗಡೆಯಲ್ಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತದಲ್ಲಿ ಸೇರುತ್ತದೆ, ಹೃದಯವು ವೇಗವಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಕೈಕಾಲುಗಳಿಗೆ ರಕ್ತವು ನುಗ್ಗುತ್ತದೆ. ಶರೀರವು ಹೀಗೆ ಜಗಳಕ್ಕೆ ಸಿದ್ಧವಾಗಿರುವಾಗ ವಿವೇಚನೆಗೆ ಸ್ಥಳವು ಕಡಿಮೆ. ಆ ವೇಗವು ಇಳಿಯಲು ಸ್ವಲ್ಪ ಹೊತ್ತು ಬೇಕು.

ಆದರೆ ದಾವೀದನ ಸಂಗತಿಯನ್ನು ಯೋಚಿಸಿರಿ. ಅವನಿಗೆ ಹೊತ್ತಿರಲಿಲ್ಲವೇ? ಪಾಳೆಯದಿಂದ ನಾಬಾಲನ ಮನೆಯ ವರೆಗಿನ ದಾರಿಯು ಅವನ ಮುಂದಿತ್ತು. ಆ ದಾರಿಯಲ್ಲಿ ಅವನ ಕೋಪವು ಆರಲಿಲ್ಲ, ಹೆಚ್ಚಿತು. ಏಕೆ? ತಾನು ಮಾಡಿದ ಉಪಕಾರವು ವ್ಯರ್ಥವಾಯಿತೆಂದೂ, ಒಳ್ಳೇದಕ್ಕೆ ಬದಲಾಗಿ ಕೆಟ್ಟದ್ದು ಬಂತೆಂದೂ ಅವನು ಆಡಿಕೊಳ್ಳುತ್ತಾ ಬಂದನು. ತನಗಾದ ಅನ್ಯಾಯವನ್ನು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಳ್ಳುವವನಿಗೆ ತಡವು ಔಷಧವಾಗದು. ಅದು ಕತ್ತಿಯನ್ನು ಮಸೆಯುವ ಕಲ್ಲಾಗುವದು. ರಾತ್ರಿಯೆಲ್ಲಾ ಮಲಗಿ ಬೆಳಿಗ್ಗೆ ಇನ್ನೂ ಹೆಚ್ಚು ಸಿಟ್ಟಿನಿಂದ ಏಳುವವರು ಇದಕ್ಕೆ ಸಾಕ್ಷಿಗಳು.

ಆದುದರಿಂದ ಕೋಪಕ್ಕೂ ಕೈಗೂ ನಡುವೆ ಒಂದು ದಾರಿಯಿದ್ದರೆ ಸಾಲದು. ಆ ದಾರಿಯಲ್ಲಿ ನಮ್ಮನ್ನು ಎದುರುಗೊಂಡು, ದೇವರನ್ನು ನೆನಪಿಗೆ ತರುವದೊಂದು ಬೇಕು. ಈ ಪಾಠದ ಸಾರವೇ ಇದು.

೪. ಅಬೀಗೈಲಳ ಕಾರ್ಯವು

ಸೇವಕನಿಂದ ಸಂಗತಿಯನ್ನು ಕೇಳಿದ ಅಬೀಗೈಲಳು ತಡಮಾಡಲಿಲ್ಲ. ೨೦೦ ರೊಟ್ಟಿಗಳನ್ನೂ, ದ್ರಾಕ್ಷಾರಸದ ೨ ಬುದ್ದಲಿಗಳನ್ನೂ, ಅಡಿಗೆಮಾಡಿದ ೫ ಕುರಿಗಳನ್ನೂ, ೫ ಅಳತೆ ಹುರಿಗಾಳನ್ನೂ, ಒಣಗಿದ ದ್ರಾಕ್ಷೆಯ ೧೦೦ ಗೊಂಚಲುಗಳನ್ನೂ, ಅಂಜೂರದ ೨೦೦ ಉಂಡೆಗಳನ್ನೂ ಕತ್ತೆಗಳ ಮೇಲೆ ಹೇರಿಸಿ, ಆಳುಗಳನ್ನು ಮುಂದಾಗಿ ಕಳುಹಿಸಿ ತಾನು ಹಿಂದೆ ಬಂದಳು. ಬೆಟ್ಟದ ಮರೆಯಲ್ಲಿ ಇಳಿದು ಬರುತ್ತಿರುವಾಗ ದಾವೀದನು ಎದುರಾದನು. ಕತ್ತಿ ಹಿಡಿದ ೪೦೦ ಗಂಡಸರ ಮುಂದೆ ಒಬ್ಬ ಹೆಂಗಸು ಕತ್ತೆಯಿಂದಿಳಿದು ಸಾಷ್ಟಾಂಗವೆರಗಿದಳು.

ಅವಳು ಏನು ಹೇಳಿದಳೆಂಬದನ್ನು ಗಮನಿಸಿರಿ. ದಾವೀದನು ಕೋಪಿಸಿಕೊಂಡದ್ದು ತಪ್ಪೆಂದು ಅವಳು ಗದರಿಸಲಿಲ್ಲ; ಗಂಡನ ನಡತೆ ಸರಿಯೆಂದೂ ವಾದಿಸಲಿಲ್ಲ. ಇಬ್ರಿಯ ಭಾಷೆಯಲ್ಲಿ ನಾಬಾಲನೆಂದರೆ ಮೂರ್ಖನು. ಹೆಸರಿನಂತೆಯೇ ಅವನ ನಡತೆಯೆಂದು ಅವಳು ಒಪ್ಪಿಕೊಂಡಳು. ಬಳಿಕ ದಾವೀದನ ಕಣ್ಣುಗಳನ್ನು ನಾಬಾಲನಿಂದ ಎತ್ತಿ ದೇವರ ಕಡೆಗೆ ತಿರುಗಿಸಿದಳು. ನಿನ್ನ ಪ್ರಾಣವು ಯೆಹೋವನ ವಶದಲ್ಲಿ ಭದ್ರವಾಗಿದೆ; ನಿನ್ನ ವೈರಿಗಳ ಸಂಗತಿಯನ್ನು ಆತನೇ ನೋಡಿಕೊಳ್ಳುವನು; ಆತನು ನಿನ್ನನ್ನು ಅರಸನನ್ನಾಗಿ ಮಾಡುವ ದಿನದಲ್ಲಿ, ನಿಷ್ಕಾರಣವಾಗಿ ರಕ್ತ ಸುರಿಸಿದೆನೆಂಬ ವ್ಯಥೆಯು ನಿನ್ನ ಹೃದಯದಲ್ಲಿ ಇರಬಾರದು ಎಂಬದೇ ಅವಳ ಮಾತಿನ ತಾತ್ಪರ್ಯವು. ದಾವೀದನ ಮನಸ್ಸಿನಲ್ಲಿ ಆ ಹೊತ್ತು ನಿನ್ನೆಯ ಅವಮಾನವು ಮಾತ್ರವಿತ್ತು. ಅವಳು ಅವನಿಗೆ ನಾಳಿನ ದಿನವನ್ನು ತೋರಿಸಿದಳು.

ದಾವೀದನು ಕೇಳಿದನು. ಅವಳನ್ನು ಕಳುಹಿಸಿದ ದೇವರನ್ನು ಕೊಂಡಾಡಿದನು, ಅವಳ ವಿವೇಕವನ್ನು ಹರಸಿದನು, ಆಣೆಯಿಟ್ಟಿದ್ದರೂ ಹಿಂದಿರುಗಿದನು. ಕೋಪದಲ್ಲಿ ಆಡಿದ ಮಾತನ್ನು ಉಳಿಸಿಕೊಳ್ಳಬೇಕೆಂಬ ಅಭಿಮಾನದಿಂದಲೇ ಎಷ್ಟೋ ಮನೆಗಳು ಕೆಟ್ಟಿವೆ. ೪೦೦ ಮಂದಿಯ ಎದುರಿನಲ್ಲಿ, ಒಬ್ಬ ಹೆಂಗಸಿನ ಮಾತಿಗೆ ಕತ್ತಿಯನ್ನು ಒರೆಗೆ ಸೇರಿಸುವದು ಸಣ್ಣ ಜಯವಲ್ಲ.

ಹೆಣ್ಣುಮಕ್ಕಳಾದ ನಾವು ಇಲ್ಲಿ ಇನ್ನೊಂದನ್ನು ಕಲಿಯತಕ್ಕದ್ದುಂಟು. ಸಾತ್ವಿಕಳಾಗಿರುವದೆಂದರೆ ಬಾಯಿಮುಚ್ಚಿಕೊಂಡಿರುವದೆಂದು ಅನೇಕರು ಹೇಳುತ್ತಾರೆ. ಅಬೀಗೈಲಳು ಬಾಯಿಮುಚ್ಚಿಕೊಂಡಿದ್ದರೆ ಆ ರಾತ್ರಿ ಒಂದು ಮನೆತನವೇ ಅಳಿದುಹೋಗುತ್ತಿತ್ತು. ಅವಳು ಮಾತಾಡಿದಳು, ಆದರೆ ಮಾತಿಗೆ ಸಮಯವನ್ನು ಆರಿಸಿಕೊಂಡಳು. ಮನೆಗೆ ಹಿಂದಿರುಗಿದಾಗ ಗಂಡನು ಅರಸನಂತೆ ಔತಣಮಾಡಿ ಬಹಳವಾಗಿ ಕುಡಿದಿದ್ದದನ್ನು ಕಂಡು ಬೆಳಗಾಗುವ ವರೆಗೆ ಏನೂ ಹೇಳದೆ, ಅಮಲು ಇಳಿದ ಮೇಲೆ ಎಲ್ಲವನ್ನೂ ತಿಳಿಸಿದಳು. ಸಾತ್ವಿಕತ್ವವೆಂಬದು ಭಯವಲ್ಲ, ದೇವರ ವಶದಲ್ಲಿರುವ ಬಲವೇ ಅದು. ಮನೆಯಲ್ಲಾಗಲಿ ಹೊರಗಾಗಲಿ ಹಿಂಸೆಗೆ ಗುರಿಯಾಗುವ ಹುಡುಗಿಯು ಕ್ರಿಸ್ತೀಯ ತಾಳ್ಮೆಯ ಹೆಸರಿನಲ್ಲಿ ಅದನ್ನು ಮುಚ್ಚಿಡಬಾರದು. ನಂಬತಕ್ಕ ಹಿರಿಯರಿಗೂ ಉಪಾಧ್ಯಾಯಿನಿಯರಿಗೂ ತಿಳಿಸುವದು ಅವಳ ಹಕ್ಕು. ಅದು ಮುಯ್ಯಿ ತೀರಿಸುವದಲ್ಲ.

೫. ಕರ್ತನ ಮಾದರಿಯು

ದಾವೀದನು ಆ ದಿನದ ಪಾಠವನ್ನು ಮರೆತುಬಿಡಲಿಲ್ಲವೆಂದು ತೋರುತ್ತದೆ. ಬಹುಕಾಲದ ಮೇಲೆ, ಮಗನಾದ ಅಬ್ಷಾಲೋಮನಿಗೆ ಹೆದರಿ ಓಡುತ್ತಿರುವಾಗ, ಶಿಮ್ಮಿ ಎಂಬವನು ಕಲ್ಲೆಸೆದು ಶಪಿಸಿದನು. ಅಬೀಷೈಯು ಅವನ ತಲೆಯನ್ನು ಹಾರಿಸಲು ಅಪ್ಪಣೆ ಬೇಡಿದರೂ ದಾವೀದನು ಕೊಡದೆ, ಸಂಗತಿಯನ್ನು ದೇವರ ದೃಷ್ಟಿಗೆ ಬಿಟ್ಟನು. ಆದರೂ ಮರಣಕಾಲದಲ್ಲಿ ಅದೇ ಶಿಮ್ಮಿಯನ್ನು ದಂಡಿಸದೆ ಬಿಡಬೇಡವೆಂದು ಸೊಲೊಮೋನನಿಗೆ ಹೇಳಿದ್ದನ್ನು ಓದುವಾಗ ನಮ್ಮ ಮನಸ್ಸು ಕುಗ್ಗುತ್ತದೆ. ಕೋಪದ ಬೇರು ಎಷ್ಟು ಆಳವಾದದ್ದು! ಮನುಷ್ಯರಲ್ಲಿ ಉತ್ತಮನಾದವನ ಮಾದರಿಯೂ ನಮಗೆ ಸಾಲದು.

ನಮ್ಮ ಕರ್ತನಾದ ಯೇಸುವಿನ ಕಡೆಗೆ ನೋಡೋಣ. ಆತನು ಕೋಪವನ್ನೇ ಅರಿಯದವನಾಗಿರಲಿಲ್ಲ. ಸಬ್ಬತ್ ದಿನದಲ್ಲಿ, ಕೈ ಬತ್ತಿದ ಮನುಷ್ಯನೊಬ್ಬನು ಸಭಾಮಂದಿರದಲ್ಲಿದ್ದಾಗ, ಅವನ ಕಷ್ಟಕ್ಕೆ ಮರುಗದೆ ತಪ್ಪು ಹುಡುಕುತ್ತಿದ್ದವರನ್ನು ಆತನು ಕೋಪದಿಂದ ನೋಡಿದನೆಂದು ಮಾರ್ಕನ ಸುವಾರ್ತೆಯ ೩ನೆಯ ಅಧ್ಯಾಯವು ಹೇಳುತ್ತದೆ. ಆದರೆ ಆ ಕೋಪದ ಸಂಗಡ ಅವರ ಹೃದಯದ ಕಾಠಿಣ್ಯಕ್ಕಾಗಿ ದುಃಖವೂ ಇತ್ತು. ಆ ಕೋಪದ ಫಲವಾಗಿ ಯಾರಿಗೂ ಪೆಟ್ಟು ಬೀಳಲಿಲ್ಲ, ಒಬ್ಬ ರೋಗಿಯ ಕೈ ವಾಸಿಯಾಯಿತು. ನಮ್ಮ ಕೋಪವು ಯಾವದೆಂದು ತಿಳಿಯುವದಕ್ಕೆ ಇದೇ ಒರೆಗಲ್ಲು: ಅದು ಯಾರ ನಿಮಿತ್ತ ಹುಟ್ಟಿತು? ಅದರಲ್ಲಿ ದುಃಖವುಂಟೋ? ಅದರಿಂದ ಯಾವನಾದರೂ ಸ್ವಸ್ಥನಾದನೋ?

ಗೆತ್ಸೇಮನೆಯಲ್ಲಿ ನಡೆದದ್ದು ಇನ್ನೂ ಹೆಚ್ಚಿನದು. ಕರ್ತನನ್ನು ಹಿಡಿಯಲು ಜನರು ಬಂದಾಗ ದುಡುಕಿನವನಾದ ಪೇತ್ರನು ಕತ್ತಿಯನ್ನು ಹಿರಿದು, ಮಹಾಯಾಜಕನ ಆಳಾದ ಮಲ್ಕನ ಬಲಗಿವಿಯನ್ನು ಕತ್ತರಿಸಿದನು. ಕರ್ತನು ಪೇತ್ರನನ್ನು ತಡೆದು, ತನ್ನನ್ನು ಹಿಡಿಯಬಂದವನ ಕಿವಿಯನ್ನು ಮುಟ್ಟಿ ವಾಸಿಮಾಡಿದನು. ಕೋಪದಲ್ಲಿ ಕೊಯ್ದದ್ದು ತಿರಿಗಿ ಬಾರದೆಂದು ನಮ್ಮ ಗಾದೆ ಹೇಳುತ್ತದೆ. ಮನುಷ್ಯರ ಕೈಯಲ್ಲಿ ಅದು ನಿಜವೇ. ಆದರೆ ತನ್ನ ಶಿಷ್ಯನು ಮಾಡಿದ ಗಾಯವನ್ನು ಕಟ್ಟುವದಕ್ಕೆ ಕರ್ತನು ಸಮರ್ಥನಾಗಿದ್ದಾನೆ. ಆದುದರಿಂದ ಈಗಾಗಲೇ ಕೆಡುಕನ್ನು ಮಾಡಿಬಿಟ್ಟವಳೂ ನಿರಾಶಳಾಗಬೇಕಾಗಿಲ್ಲ.

ಆ ಪೇತ್ರನ ಮೊದಲನೆಯ ಪತ್ರಿಕೆಯ ೨ನೆಯ ಅಧ್ಯಾಯವನ್ನು ಓದಿರಿ. ಕ್ರಿಸ್ತನು ಬೈಯಲ್ಪಟ್ಟಾಗ ತಿರಿಗಿ ಬೈಯದೆ, ನ್ಯಾಯವಾಗಿ ತೀರ್ಪುಮಾಡುವಾತನಿಗೆ ತನ್ನನ್ನು ಒಪ್ಪಿಸಿಕೊಟ್ಟನೆಂಬದನ್ನು ಅದು ನೆನಪಿಗೆ ತರುತ್ತದೆ. ಕತ್ತಿಯನ್ನು ಬೀಸಿದ ಕೈಯು ಇಂಥ ಉಪದೇಶಕ್ಕೆ ಬಂದದ್ದು ಎಂಥ ಬದಲಾವಣೆ! ನಂಬಿಕೆಯು ಕೋಪವನ್ನು ಜಯಿಸುವ ಗುಟ್ಟು ಇದರಲ್ಲಿದೆ. ನನ್ನ ನ್ಯಾಯವನ್ನು ವಿಚಾರಿಸುವವರು ಬೇರೆ ಯಾರೂ ಇಲ್ಲವೆಂದು ನೆನಸುವವಳು ತಾನೇ ಕತ್ತಿಯನ್ನು ಹಿಡಿಯಬೇಕಾಗುವದು. ವಿಚಾರಿಸುವಾತನೊಬ್ಬನಿದ್ದಾನೆಂದು ನಂಬುವವಳ ಕೈಗಳು ಬಿಡುವಾಗಿರುತ್ತವೆ.

೬. ನಮ್ಮ ಅಭ್ಯಾಸಕ್ಕಾಗಿ

ಒಂದು: ದಾರಿಯನ್ನು ಉದ್ದಮಾಡಿರಿ. ಹಿಂದಿನ ಕಾಲದಲ್ಲಿ ಸಿಟ್ಟಿನಿಂದ ಪತ್ರ ಬರೆದವಳಿಗೆ ಅದನ್ನು ಟಪಾಲಿಗೆ ಹಾಕುವ ವರೆಗೆ ಯೋಚಿಸಲು ಹೊತ್ತಿತ್ತು. ಈಗ ಅಂಗೈಯಲ್ಲಿರುವ ಫೋನಿನಿಂದ ಮಾತು ಕ್ಷಣದಲ್ಲಿ ಹೊರಟುಹೋಗುವದು. ಕೋಪಕ್ಕೂ ಕೈಗೂ ನಡುವೆ ಇದ್ದ ದಾರಿ ಬೆರಳಿನಷ್ಟಾಗಿದೆ. ಸಿಟ್ಟಿನಲ್ಲಿ ಬರೆದದ್ದನ್ನು ಆ ಹೊತ್ತಿನಲ್ಲಿ ಕಳುಹಿಸಬೇಡಿರಿ.

ಎರಡು: ನಿಮಗಾದ ನೋವನ್ನು ನಿಮ್ಮೊಳಗೇ ಜಪಿಸಬೇಡಿರಿ, ದೇವರಿಗೆ ಹೇಳಿರಿ. ಕೀರ್ತನೆಗಳಲ್ಲಿ ಎಷ್ಟೋ ಭಾಗವು ಅನ್ಯಾಯವನ್ನು ಅನುಭವಿಸಿದವರ ಮೊರೆಯೇ ಆಗಿದೆ. ಅವರು ಸವಿಮಾತುಗಳನ್ನು ಹುಡುಕಲಿಲ್ಲ. ಇದ್ದ ಕಹಿಯನ್ನೇ ದೇವರ ಮುಂದೆ ಸುರಿದರು. ಆತನ ಮುಂದೆ ಸುರಿದದ್ದು ನೆರೆಯವಳ ಮೇಲೆ ಬೀಳದು.

ಮೂರು: ನಿಮಗೆ ತಾಳು ಎಂದು ಹೇಳಬಲ್ಲ ಗೆಳತಿಯೊಬ್ಬಳನ್ನು ಶಾಂತವಾಗಿರುವಾಗಲೇ ಆರಿಸಿಕೊಳ್ಳಿರಿ, ನೀವೂ ಮತ್ತೊಬ್ಬಳಿಗೆ ಅಂಥವಳಾಗಿರಿ.

ನಾಲ್ಕು: ಜಗಳವನ್ನು ಆ ದಿನದಲ್ಲಿಯೇ ಮುಗಿಸಿರಿ. ಸೂರ್ಯನು ಮುಳುಗುವದಕ್ಕೆ ಮೊದಲೇ ಕೋಪವನ್ನು ಬಿಡಬೇಕೆಂದು ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಬುದ್ಧಿಹೇಳಲ್ಪಟ್ಟಿದೆ. ದೇವರಿಗೆ ಕಾಣಿಕೆಯನ್ನು ಅರ್ಪಿಸುವದಕ್ಕಿಂತಲೂ ಸಹೋದರನೊಂದಿಗೆ ಸಮಾಧಾನವಾಗುವದು ಮೊದಲಾಗಬೇಕೆಂಬದು ಕರ್ತನ ಉಪದೇಶವು. ಪ್ರಾರ್ಥನಾಮಂದಿರಕ್ಕೆ ಹೋಗುವ ಮೊದಲು ಪಕ್ಕದ ಮಂಚದವಳ ಹತ್ತಿರ ಹೋಗಬೇಕಾದ ಸಾಯಂಕಾಲಗಳುಂಟು.

ಆಲೋಚನೆಗಾಗಿ ಪ್ರಶ್ನೆಗಳು

೧. ಏಂಗೆದಿಯಲ್ಲಿ ತಾಳಿಕೊಂಡ ದಾವೀದನು ನಾಬಾಲನ ಸಂಗತಿಯಲ್ಲಿ ಏಕೆ ತಾಳಲಾರದೆ ಹೋದನು?
೨. ಅಬೀಗೈಲಳು ದಾವೀದನ ಮನಸ್ಸನ್ನು ನಾಬಾಲನಿಂದ ದೇವರ ಕಡೆಗೆ ಹೇಗೆ ತಿರುಗಿಸಿದಳು?
೩. ನಿಮ್ಮನ್ನು ಹೆಚ್ಚಾಗಿ ಸೋಲಿಸುವ ಸಣ್ಣ ಸಂಗತಿಗಳು ಯಾವವು?
೪. ಈ ವಾರದಲ್ಲಿ ನೀವು ಯಾರ ಸಂಗಡ ಕತ್ತಿಯನ್ನು ಕಟ್ಟಿಕೊಂಡಿರಿ? ಯಾರನ್ನು ದಾರಿಯಲ್ಲಿ ತಡೆದಿರಿ?

ಪ್ರಿಯರೇ, ಈ ಶಾಲೆಯನ್ನು ಬಿಟ್ಟು ನೀವು ನಾನಾ ಮನೆಗಳಿಗೂ ಊರುಗಳಿಗೂ ಉದ್ಯೋಗಗಳಿಗೂ ಹೋಗುವಿರಿ. ಎಲ್ಲಿ ಹೋದರೂ ನಾಬಾಲರಿರುವರು. ಕತ್ತಿ ಕಟ್ಟಿಕೊಂಡು ಹೊರಟ ದಾವೀದರೂ ಇರುವರು. ಕೆಲವು ವೇಳೆ ಆ ಕತ್ತಿ ನಿಮ್ಮ ಸೊಂಟದಲ್ಲಿಯೇ ಇರುವದು. ಆ ವೇಳೆಯಲ್ಲಿ ಬೆಟ್ಟದ ಮರೆಯಿಂದ ನಿಮ್ಮನ್ನು ಎದುರುಗೊಳ್ಳಲು ಯಾರನ್ನಾದರೂ ಕಳುಹಿಸುವದು ದೇವರ ಕೃಪೆಯು. ಕಳುಹಿಸಲ್ಪಟ್ಟವರ ಮಾತಿಗೆ ಕಿವಿಗೊಟ್ಟು ನಿಲ್ಲುವದು ನಮ್ಮ ನಂಬಿಕೆಯು. ಸಮಾಧಾನದ ಪ್ರಭುವು ನಿಮ್ಮ ನಾಲಿಗೆಯನ್ನೂ ಕೈಗಳನ್ನೂ ಹೃದಯವನ್ನೂ ಕಾಯಲಿ.